ಹೇಳಿ ಹೋಗಿ ಕೆಟ್ಟೆ

ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆಯುವವನು ಆ ಭಾಷೆಯನ್ನು ಶಾಲೆಯ ಗೇಟಿನಲ್ಲೇ ಬಿಟ್ಟು ಬರಬೇಕು. ನಾನು ಮನೆಯವರೆಗೂ ತಂದು ಕೆಟ್ಟೆ. ಆ ಭಾಷೆಯಲ್ಲಿ ‘ಡ್ರಾಪ್’ ಎಂಬ ಸಾಧು ಕ್ರಿಯಾಪದವೊಂದಿದೆ. ಕೆಳಗೆ ಬೀಳಿಸು ಎಂದು ಅರ್ಥ. ಅದಕ್ಕೆ ‘ಔಟ್’ ಹಚ್ಚಿದರೆ ಅರ್ಧಕ್ಕೆ ಶಾಲೆ ಬಿಡುವುದು. ‘ಆಫ್’ ಹಚ್ಚಿದರೆ ಗಾಡಿಯಲ್ಲಿ ಕರೆತಂದು ಇಳಿಸಿ ಹೋಗುವುದು, ಇಲ್ಲವೇ ಕುಳಿತಲ್ಲೇ ತೂಕಡಿಸುವುದು. ಈ ಎರಡನೆಯದನ್ನು ನನ್ನ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿನವರು ಉದಾಹರಣೆ ಸಹಿತ ತೋರಿಸುತ್ತಾರೆ. ‘ಇನ್’ ಹಚ್ಚಿದರೆ ಮಾತ್ರ, ಮುಂಚಿತವಾಗಿ ತಿಳಿಸದೆ ಒಬ್ಬರ ಮನೆಗೆ ಹೋಗುವುದು. ನಿಪ್ಪಾಣಿಯ ನಮ್ಮ ಹೈಸ್ಕೂಲಿನಲ್ಲಿ ಇದನ್ನು ವಿವರಿಸುತ್ತಿದ್ದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸರ್, ಹೇಳಿ ಯಾರ್ ಹೋಗ್ತಾರ್ರಿ?” ಎಂದು ಕೇಳಿದಳು. “ಪರೀಕ್ಷಾಕ್ಕ ಬರ್ತೈತಿ, ಬರಕೋ” ಎಂದು ಕೂರಿಸಿದೆ. ಉತ್ತರ ಗೊತ್ತಿಲ್ಲದಾಗ ಮಾಸ್ತರರು ಹೇಳುವ ಮಾತು ಅದೊಂದೇ.

ತಿಳಿಸದೆ ಬರುವುದರಲ್ಲಿ ನನ್ನ ಬಾಲ್ಯದ ಗೆಳೆಯ ಬಾಬಾಸಾಹೇಬನನ್ನು ಮೀರಿಸುವವರು ಈ ಸೀಮೆಯಲ್ಲಿ ಇಲ್ಲ. ಪಕ್ಕದ ಭೋಜ ಗ್ರಾಮದಲ್ಲಿ ಕಬ್ಬು, ತಂಬಾಕು ಬೆಳೆಯುವ ರೈತ. ಪೇಟೆಗೆ ಬಂದರೆ ಸಾಕು, ಅವನ ಮೋಟಾರ್‌ಸೈಕಲ್ಲು ತಾನಾಗಿಯೇ ನಮ್ಮ ಮನೆಯ ಕಡೆ ಹೊರಳುತ್ತದೆ. ನಾನು ತಲೆಗೆ ಕಪ್ಪು ಬಣ್ಣ ಬಳಿದುಕೊಂಡು, ಹರಕು ಬನಿಯನ್ನಿನಲ್ಲಿ ಕುಳಿತಿರುವ ಹೊತ್ತಿಗೇ ಸರಿಯಾಗಿ, “ವೈನಿ, ಮಾಸ್ತರ ಅದಾನೇನ್ರಿ?” ಎಂದು ನನ್ನ ಹೆಂಡತಿಯನ್ನು ಕೇಳುತ್ತ ಬದನೆಕಾಯಿ ಚೀಲದೊಂದಿಗೆ ಒಳಗೆ ಬಂದಿರುತ್ತಾನೆ. ಊಟ ಮಾಡಿ, ಒಂದು ನಿದ್ದೆ ತೆಗೆದು, ಚಹಾ ಕುಡಿದೇ ಏಳುವುದು. ಸುಸಂಸ್ಕೃತ ಜನ ಫೋನ್ ಮಾಡಿ ಬರುತ್ತಾರೆ ಎಂದು ಅವನಿಗೆ ಹೇಗೆ ತಿಳಿಸುವುದು? ಬಾಯಿಂದ ಹೇಳಿದರೆ ನೊಂದುಕೊಳ್ಳುತ್ತಾನೆ. ಮಾಡಿ ತೋರಿಸೋಣ ಎಂದು ನಿರ್ಧರಿಸಿದೆ. ಮಾಸ್ತರಿಕೆಯ ಚಟ.

ಫೋನ್ ಹಚ್ಚಿ, “ಬರೂ ಐತವಾರ ನಾಕ ಗಂಟೇಕ ನಾವಿಬ್ರೂ ನಿಮ್ಮ ಮನಿಗೆ ಬರಬೇಕಂತ ಮಾಡೇವಿ. ಏನೂ ಅಡಚಣಿ ಇಲ್ಲಲ್ಲ?” ಎಂದೆ. ಶಾಲೆಯ ಮೂರನೆಯ ಇಯತ್ತೆಯಿಂದ ನನ್ನನ್ನು ‘ಲೇ’ ಎಂದೇ ಕರೆಯುತ್ತ ಬಂದವನು, “ಬರ್ರಿ, ಅವಶ್ಯ ಬರ್ರಿ. ನಮ್ಮ ಭಾಗ್ಯಾರಿ” ಎಂದ. ಒಂದೇ ಫೋನಿಗೆ ಎಷ್ಟು ಸುಧಾರಿಸಿದ ನೋಡಿ ಎಂದು ನನಗೆ ಹೆಮ್ಮೆಯೋ ಹೆಮ್ಮೆ. ಹೆಂಡತಿಗೆ ಹೇಳಿದೆ. “ಫೋನ್ ಮಾಡಿ ಹೇಳೀರಿ? ಅಂತೂ ನಿಮಗ ಬುದ್ಧಿ ಬಂತ್ರಿ” ಎಂದಳು. ಮದುವೆಯಾದಾಗಿನಿಂದ ಈ ಮಾತಿಗೆ ಕಾದಿದ್ದೆ, ಹೀಗಾಗಿ ಅರ್ಥ ಕೇಳಲು ಹೋಗಲಿಲ್ಲ. ಭಾನುವಾರ ಅವಳು ರೇಷ್ಮೆ ಸೀರೆ ಉಟ್ಟಾಗಲೂ, ಚೀಲಕ್ಕೆ ತೆಂಗಿನಕಾಯಿ ಮತ್ತು ಕುಪ್ಪಸದ ಕಣ ಹಾಕಿಕೊಂಡಾಗಲೂ ಕೇಳಲಿಲ್ಲ.

ಭೋಜದಲ್ಲಿ ಅಂಗಳಕ್ಕೆ ನೀರು ಹೊಡೆದಿತ್ತು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ತಲೆಗೆ ಪಟಕಾ ಸುತ್ತಿದ ಹಿರಿಯರೊಬ್ಬರು ಕುಳಿತಿದ್ದರು. ಬಾಬಾಸಾಹೇಬನ ಹೆಂಡತಿಯ ಅಣ್ಣ, ಇದಕ್ಕೆಂದೇ ಕುಡಚಿಯಿಂದ ಮುದ್ದಾಂ ಬಂದವರು. ಬಾಬಾಸಾಹೇಬ ಇಸ್ತ್ರಿ ಮಾಡಿದ ಅಂಗಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ. ಅವಲಕ್ಕಿ ಬಂತು, ಶಿರಾ ಬಂತು. ಹಿಂದೆಯೇ ತಲೆಯ ಮೇಲೆ ಸೆರಗು ಹೊದ್ದು, ಚಹಾದ ತಟ್ಟೆ ಹಿಡಿದು, ಅವನ ಮಗಳು ಪೂಜಾ ಬಂದಳು. ಮೊನ್ನೆ ಮೊನ್ನೆ ನಮ್ಮ ಮನೆಯಲ್ಲಿ ಜೀನ್ಸ್ ಹಾಕಿಕೊಂಡು ಶೇಂಗಾ ತಿನ್ನುತ್ತಿದ್ದ ಹುಡುಗಿ.

ಆಗ ನನಗೆ ಹೊಳೆಯಿತು. ನಮ್ಮ ಸೀಮೆಯಲ್ಲಿ ಬೀಗರು ಹೇಳದೆ ಬರುತ್ತಾರೆ, ನೆರೆಯವರು ಹೇಳದೆ ಬರುತ್ತಾರೆ, ಸಾಲ ಕೊಟ್ಟವರಂತೂ ಸರಿಯೇ ಸರಿ. ದಿನ, ಗಂಟೆ ಹೇಳಿ ಗಂಡ ಹೆಂಡತಿ ಇಬ್ಬರೂ ಬಂದರೆ ಅದು ಕನ್ಯೆ ನೋಡಲಿಕ್ಕೆ ಮಾತ್ರ. ಒಂದೇ ಜಾತಿ, ನನಗೆ ಮದುವೆ ವಯಸ್ಸಿನ ಮಗ ಸಚಿನ್, ಬಾಬಾಸಾಹೇಬನಿಗೆ ಮಗಳು. ಸಂಶಯಕ್ಕೆ ಜಾಗವಾದರೂ ಎಲ್ಲಿ?

ಹಿರಿಯರು ಗಂಟಲು ಸರಿಪಡಿಸಿಕೊಂಡು, “ಹುಡುಗಂದು ಹೇಳ್ರಿ ಮಾಸ್ತರ” ಎಂದರು. ಸುಮ್ಮನೆ ಚಹಾ ಕುಡಿಯಲು ಬಂದೆವು ಎಂದುಬಿಡಬಹುದಿತ್ತು. ಆದರೆ ಆ ಹುಡುಗಿ ಸೀರೆಯುಟ್ಟು ಎಲ್ಲರೆದುರು ನಿಂತಿದ್ದಾಳೆ. ಹಾಗಂದರೆ ಅವಳ ಮಾನ ಹೋಗುತ್ತದೆ, ನನ್ನ ಗೆಳೆಯನೂ ಹೋಗುತ್ತಾನೆ. ಅವನು ಹೋಗುವುದು ನನಗೆ ಬೇಡವಾಗಿತ್ತು, ಬದನೆಕಾಯಿ ಸಮೇತ. ಹೀಗಾಗಿ ಮಗನನ್ನು ಹೊಗಳಲು ಶುರು ಮಾಡಿದೆ. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ನೌಕರಿ, ಅಡಿಕೆಯ ಚೂರು ಸಹ ಬಾಯಿಗಿಡುವುದಿಲ್ಲ, ಎದುರು ಮಾತು ಗೊತ್ತಿಲ್ಲ. ಬೆಳಿಗ್ಗೆಯಷ್ಟೇ ಅವನನ್ನು ಎಮ್ಮೆ ಎಂದು ಬೈದಿದ್ದೆ. ಹೇಳುತ್ತ ಹೇಳುತ್ತ ನನಗೇ ಅವನ ಮೇಲೆ ಗೌರವ ಬಂತು. ಹೆಂಡತಿ ಹುಡುಗಿಯ ಹಣೆಗೆ ಕುಂಕುಮ ಹಚ್ಚಿ ಕಾಯಿ ಕೊಟ್ಟಳು. ದಾರಿಯಲ್ಲಿ, “ಪಕ್ಕಾ ಆಗೂತನಾ ಸಚಿನ್‌ಗ ಹೇಳಬ್ಯಾಡ್ರಿ, ಹಾರಾಡ್ತಾನ” ಎಂದಳು.

ಮುಂದಿನ ವಾರ ಬಾಬಾಸಾಹೇಬನ ಫೋನು. ದಿನ ಹೇಳಿದ, ಗಂಟೆ ಹೇಳಿದ. ನಾನೇ ನಿಂತು ಪಡಸಾಲೆ ಗುಡಿಸಿದೆ, ಶಿರಾಕ್ಕೆ ಗೋಡಂಬಿ ತಂದೆ. ಪೂಜಾ ಒಳ್ಳೆಯ ಹುಡುಗಿ, ಮದುವೆ ಆಗುವುದಾದರೆ ಆಗಲಿ ಎಂದು ಮನಸ್ಸು ಆಗಲೇ ಲಗ್ನಪತ್ರಿಕೆಯವರೆಗೆ ಹೋಗಿತ್ತು. ಅವನು ಅದೇ ಹಿರಿಯರೊಂದಿಗೆ ಬಂದು ಕುರ್ಚಿಯ ತುದಿಗೆ ಕುಳಿತ. “ಹುಡುಗಿ ಇನ್ನೂ ಓದ್ತೇನಿ ಅಂತಾಳ್ರಿ. ತಪ್ಪ ತಿಳಕೋಬ್ಯಾಡ್ರಿ” ಎಂದು ಕೈಮುಗಿದ. ಬೀಸೋ ದೊಣ್ಣೆ ತಪ್ಪಿತು ಎಂದು ನಾನು ಕುಣಿಯಬೇಕಿತ್ತು. ಕುಣಿಯಲಿಲ್ಲ. ನನ್ನ ಮಗನಲ್ಲಿ ಏನು ಕೊರತೆ ಕಂಡಿತು ಇವರಿಗೆ? “ಇರ್ಲಿ ಬಿಡ್ರಿ” ಎಂದೆ, ನಾನೂ ‘ರಿ’ ಹಚ್ಚಿ. ಅವನ ಮುಖ ಸಣ್ಣದಾಯಿತು. ಶಿರಾ ಮುಟ್ಟದೆ ಎದ್ದು ಹೋದರು.

ಯಾವುದೂ ಗೊತ್ತಿಲ್ಲದ ಸಚಿನ್ ಒಳಗಿನಿಂದ ಬಂದು, ಉಳಿದ ಶಿರಾದ ತಟ್ಟೆ ಎತ್ತಿಕೊಂಡು, “ಬಾಬಾ ಕಾಕಾ ಊಟ ಮಾಡದ ಹ್ವಾದ್ರಲ್ಲ, ಯಾಕ್ರಿ ಅಪ್ಪಾ?” ಎಂದು ಕೇಳಿದ.

“ಬಿಡಪ್ಪಾ” ಎಂದೆ, “ಅವ್ರ ಮನಿತನ ನಿನಗ ಹೊಂದೂದಿಲ್ಲ.”