ಪ್ರಿಯಾ ಪುಟ್ಟಿಯ ಔಟ್‌ಡೋರ್ ಫೋಟೋ

ಸಂಜೆ ನಾಲ್ಕೂವರೆಗೆ ಬರುತ್ತೇನೆ ಎಂದು ಚಿನ್ನಪ್ಪ ಫೋನಿನಲ್ಲಿ ಮೂರು ಸಲ ಹೇಳಿದ್ದ. ಮೂರು ಸಲವೂ ಆನಂದ್ "ಓಕೆ ಓಕೆ" ಅಂದಿದ್ದ. ಆದರೂ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೇ ಆನಂದನ ಫೋನು ಬಂತು.

"ಎಲ್ಲಿದೀರಾ ಗುರು? ಮಗು ರೆಡಿಯಾಗಿ ನಿಂತೈತೆ. ಮೂರು ಗಂಟೆಗೆ ನಂಗೊಂದು ಸೈಟ್ ನೋಡಕ್ಕೆ ಹೋಗ್ಬೇಕು. ಬೇಗ ಬನ್ರಿ."

"ಸಾರ್, ಈಗ ಬಿಸಿಲು ಕಣ್ರಿ. ಮಕ್ಕಳ ಫೋಟೋಗೆ ಸಂಜೆ ಬೆಳಕೇ..."

"ಬಿಸಿಲಿದ್ರೆ ಒಳ್ಳೇದೇ ಅಲ್ವಾ? ಫ್ಲಾಶ್ ಉಳೀತದೆ!"

ಚಿನ್ನಪ್ಪ ಹಲಸೂರು ಬಜಾರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟವನು. ಇತ್ತೀಚೆಗೆ ಅಂಗಡಿಯಲ್ಲಿ ನೊಣವೂ ಪೋಸು ಕೊಡಲು ಬರುತ್ತಿರಲಿಲ್ಲ. ಹೆಂಡತಿ ಸುಕನ್ಯ ದಿನಾ ಬೆಳಿಗ್ಗೆ ದೋಸೆಯ ಜೊತೆ ಒಂದೇ ಮಾತು ಬಡಿಸುತ್ತಿದ್ದಳು: "ಮುಚ್ಚಿಬಿಟ್ಟು ಜೆರಾಕ್ಸ್ ಮೆಷಿನ್ ಇಡಿ." ಅದಕ್ಕೇ ಅವನು ಡಿಜಿಟಲ್ ಕ್ಯಾಮೆರಾ ಕೊಂಡಿದ್ದ. ಹೊರಗಡೆ ಮಕ್ಕಳ ಫೋಟೋ ತೆಗೆಯುವುದು ಹೇಗೆಂದು ಶಿವಾಜಿನಗರದಲ್ಲಿ ಒಂದು ದಿನದ ತರಬೇತಿಗೂ ಹೋಗಿ ಬಂದಿದ್ದ. ಮಗುವನ್ನು ಬಿಸಿಲಿಗೆ ಮುಖಮಾಡಿ ನಿಲ್ಲಿಸಬಾರದು, ಒಂದೇ ಸಮನಾದ ನೆರಳಿನಲ್ಲಿ ಕೂರಿಸಬೇಕು, ಬಿಳಿಯದೇನನ್ನಾದರೂ ಹಿಡಿದು ಬೆಳಕನ್ನು ಮುಖದ ಮೇಲೆ ಮೆಲ್ಲಗೆ ಚೆಲ್ಲಬೇಕು. ಇಷ್ಟನ್ನೂ ಬರೆದುಕೊಂಡು ಬಾಯಿಪಾಠ ಮಾಡಿದ್ದ.

ಇದು ಆ ಪಾಠದ ಮೊದಲ ಪರೀಕ್ಷೆ. ಮಹದೇವಪುರದ ಮುನಿವೆಂಕಟಪ್ಪನವರ ಮೊಮ್ಮಗಳು ಪ್ರಿಯಾಳಿಗೆ ಭಾನುವಾರ ನಾಲ್ಕು ತುಂಬುತ್ತದೆ. ರಿಂಗ್ ರೋಡಿನ ಮೂಲೆಯಲ್ಲಿ ಇಪ್ಪತ್ತಡಿ ಫ್ಲೆಕ್ಸ್ ಏಳುತ್ತದೆ. ಅದಕ್ಕೊಂದು ಔಟ್‌ಡೋರ್ ಫೋಟೋ ಬೇಕು. ಅವಳಪ್ಪ ಆನಂದ್, "ಇದೊಂದು ಚೆನ್ನಾಗಿ ಬರ್ಲಿ, ನಮ್ಮ ನೆಂಟರ ನಲ್ವತ್ತು ಮನೆ ಫಂಕ್ಷನ್ನೂ ನಿಮ್ಗೇ" ಅಂದಿದ್ದ. ನಲವತ್ತು ಮನೆ ಎಂದರೆ ಜೆರಾಕ್ಸ್ ಮೆಷಿನ್ನಿನ ಮಾತೇ ಇಲ್ಲ.

ಚಿನ್ನಪ್ಪ ಸ್ಕೂಟರಿನಲ್ಲಿ ಮಹದೇವಪುರ ಮುಟ್ಟಿದಾಗ ಹನ್ನೆರಡಾಗಿತ್ತು. ಮೂರು ಮಹಡಿಯ ಗಿಳಿಹಸಿರು ಮನೆ. ಮುಂದೆ ನಡುರಸ್ತೆಯಲ್ಲಿ, ಮಿರಮಿರ ಮಿಂಚುವ ಫ್ರಾಕು ತೊಟ್ಟ ಪ್ರಿಯಾ. ಅವಳ ಮುಖಕ್ಕೆ ಅರ್ಧ ಡಬ್ಬಿ ಪೌಡರು. ಕಣ್ಣುಗಳು ಹುಣಸೆಹಣ್ಣು ತಿಂದವಳ ಹಾಗೆ ಮುಚ್ಚಿಕೊಂಡಿದ್ದವು.

"ಬಿಸಿಲು ಸಕ್ಕತ್ತಾಗೈತೆ, ಹೊಡೀಪ್ಪ," ಎಂದರು ತಾತ ಮುನಿವೆಂಕಟಪ್ಪ.

"ಯಜಮಾನ್ರೇ, ಮಗು ಕಣ್ಣೇ ಬಿಡ್ತಿಲ್ಲ."

"ಬಿಡ್ತಾಳೆ. ಪುಟ್ಟೀ, ಕಣ್ ಬಿಡವ್ವ!"

ಪ್ರಿಯಾ ಒಂದು ಕಣ್ಣು ಬಿಟ್ಟಳು. ಅದನ್ನು ಮುಚ್ಚಿ ಇನ್ನೊಂದನ್ನು ಬಿಟ್ಟಳು.

"ನೆರಳಿಗೆ ಹೋಗೋಣ," ಎಂದು ಚಿನ್ನಪ್ಪ ಕಾಂಪೌಂಡಿನ ಹೊಂಗೆ ಮರದಡಿ ಕುರ್ಚಿ ಹಾಕಿಸಿದ. ಮಗುವನ್ನು ಕೂರಿಸಿ ಒಂದು ಫೋಟೋ ತೆಗೆದ. ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಚಿತ್ರ ಮೂಡುವುದೇ ತಡ, ಅವನ ಬೆನ್ನ ಹಿಂದಿನಿಂದ ಇಣುಕಿದ ಅಜ್ಜಿ ಆಂಜನಮ್ಮ ಎದೆ ಬಡಿದುಕೊಂಡರು.

"ಅಯ್ಯೋ ನಮ್ಮವ್ವ! ಮಗೀಗೆ ಅಮ್ಮ ಬಂದೈತಲ್ಲೋ!"

ಎಲೆಗಳ ಸಂದಿಯಿಂದ ತೂರಿದ ಬಿಸಿಲು ಪ್ರಿಯಾಳ ಮುಖದ ತುಂಬ ದುಂಡುದುಂಡು ಚುಕ್ಕೆ ಇಟ್ಟಿತ್ತು. "ಅಜ್ಜಿ, ಅದು ಸಿಡುಬಲ್ಲ, ಬಿಸಿಲು!" ಎಂದು ಚಿನ್ನಪ್ಪ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಆಂಜನಮ್ಮ ಆಗಲೇ ಬೇವಿನ ಸೊಪ್ಪಿಗೆ ಓಡಿದ್ದರು. ಎರಡೇ ನಿಮಿಷದಲ್ಲಿ ಸುದ್ದಿ ಬೀದಿಯ ಕೊನೆ ಮುಟ್ಟಿ, ಮಗುವನ್ನು ನೋಡಲು ಹತ್ತು ಜನ ಬಂದರು. ಪ್ರಿಯಾಳ ತಾಯಿ ಶ್ವೇತ ಮಗಳನ್ನು ಮೂರು ಕಡೆ ತಿರುಗಿಸಿ, ಪೌಡರು ಒರೆಸಿ ತೋರಿಸಿದ ಮೇಲೂ ಆಂಜನಮ್ಮ ನಂಬಲಿಲ್ಲ. ಫ್ರಾಕಿನ ಬೆಲ್ಟಿಗೆ ಒಂದು ಬೇವಿನ ಎಸಳು ಸಿಕ್ಕಿಸಿಯೇಬಿಟ್ಟರು.

ಬಂದ ಹತ್ತು ಜನರಲ್ಲಿ ಇಬ್ಬರು ಹಿಂದಕ್ಕೆ ಹೋಗಲಿಲ್ಲ. ಒಬ್ಬರು ಪಕ್ಕದ ಮನೆಯ ಸಂಜೀವಪ್ಪ. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾಗಿದ್ದರೂ ಸಿಕ್ಕವರನ್ನೆಲ್ಲ ಕೆಲಸಕ್ಕೆ ಹಚ್ಚುವ ಅಭ್ಯಾಸ ಬಿಟ್ಟಿರಲಿಲ್ಲ. ಇನ್ನೊಬ್ಬರು ಎದುರು ಮನೆಯ ಇನಾಯತ್ ಉಲ್ಲಾ. ಪಾಪ, ಒಳ್ಳೆಯ ಮನುಷ್ಯ. ಯಾರಾದರೂ ಏನಾದರೂ ಹೊರುತ್ತಿದ್ದರೆ ಇನ್ನೊಂದು ತುದಿ ಹಿಡಿಯದೆ ಇರಲಾರರು.

"ಮರ ಬೇಡ. ಪೋರ್ಟಿಕೋ ಒಳಗೆ ಕೂರಿಸ್ರೀ, ಟೆಕ್ನಿಕಲಿ ಅದೇ ಕರೆಕ್ಟು," ಎಂದರು ಸಂಜೀವಪ್ಪ.

ಚಿನ್ನಪ್ಪನೂ ಅದನ್ನೇ ಹೇಳುವವನಿದ್ದ. ಪೋರ್ಟಿಕೋದ ನೆರಳು ಸಮನಾಗಿತ್ತು, ಚುಕ್ಕೆ ಇರಲಿಲ್ಲ. ಕ್ಲಿಕ್ ಮಾಡಿದ. ನೋಡಿದರೆ ಮಗು ಹಸಿರಾಗಿತ್ತು. ಗಿಳಿಹಸಿರು ಗೋಡೆಗೆ ಬಡಿದ ಬೆಳಕೆಲ್ಲ ಬಂದು ಪ್ರಿಯಾಳ ಕೆನ್ನೆಯ ಮೇಲೆ ಕೂತು, ಅವಳು ಈಗಷ್ಟೇ ಕಿತ್ತ ಸೋರೆಕಾಯಿಯ ಹಾಗೆ ಕಾಣುತ್ತಿದ್ದಳು.

"ಇದು ಲಿವರ್ ಪ್ರಾಬ್ಲಂ ಇರ್ಬಹುದು," ಎಂದರು ಸಂಜೀವಪ್ಪ ಗಂಭೀರವಾಗಿ.

"ಗೋಡೆ ಪ್ರಾಬ್ಲಂ ಸಾರ್!" ಚಿನ್ನಪ್ಪನ ದನಿ ಒಡೆಯಿತು. "ಗೋಡೆ ಮುಚ್ಬೇಕು. ಬಿಳಿ ಬಟ್ಟೆ ಕೊಡಿ, ದೊಡ್ಡದು."

ಒಣಹಾಕಿದ್ದ ಮುನಿವೆಂಕಟಪ್ಪನವರ ಪಂಚೆಗಳು ತಂತಿಯಿಂದ ಇಳಿದವು. ಎರಡು ಸಾಲಲಿಲ್ಲ. ನಾಲ್ಕು ಕಟ್ಟಿದರು. ಇನಾಯತ್ ಉಲ್ಲಾ ಓಡಿಹೋಗಿ, ಹೊಸ ಫ್ರಿಜ್ಜಿನ ಜೊತೆ ಬಂದಿದ್ದ ಥರ್ಮೋಕೋಲ್ ಹಲಗೆ ಹೊತ್ತು ತಂದರು. "ಇದು ನಡಿಯುತ್ತಾ ಭಾಯ್? ಎಷ್ಟು ಹೊತ್ತು ಬೇಕಾದ್ರೂ ಹಿಡ್ಕೊಂಡಿರ್ತೀನಿ."

ಬೆಳಿಗ್ಗೆಯಿಂದ ಕೇಳಿದ ಮೊದಲ ಬುದ್ಧಿವಂತಿಕೆಯ ಮಾತು ಅದು. ಚಿನ್ನಪ್ಪನಿಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ಹಲಗೆಯನ್ನು ಮಗುವಿನ ಎಡಕ್ಕೆ ಓರೆಯಾಗಿ ಹಿಡಿಸಿದ. ಕೆನ್ನೆ ಬೆಳಗಿತು. ಇನ್ನೇನು ಬಟನ್ ಒತ್ತಬೇಕು ಎನ್ನುವಷ್ಟರಲ್ಲಿ ಪ್ರಿಯಾಳ ಮುಖದ ಮೇಲೆ ಸಿಡಿಲಿನಂಥ ಬೆಳಕು ಬಿತ್ತು. ಸಂಜೀವಪ್ಪ ತಮ್ಮ ಬೀರುವಿನ ನಿಲುವುಗನ್ನಡಿಯನ್ನೇ ಬಿಚ್ಚಿ ತಂದು ಗೇಟಿನ ಬಳಿ ನಿಲ್ಲಿಸಿದ್ದರು.

"ಥರ್ಮೋಕೋಲ್ ಏನ್ ಮಾಡುತ್ತೆ ರೀ? ಇದು ನೋಡಿ ಪವರ್ರು!"

"ತಿರುಗ್ಸಿ ಸಾರ್! ಮಗು ಕಣ್ಣು ಹೋಗುತ್ತೆ!"

ಸಂಜೀವಪ್ಪ ಕನ್ನಡಿ ತಿರುಗಿಸಿದರು, ಸೀದಾ ರಸ್ತೆಯ ಕಡೆಗೆ. ಬರುತ್ತಿದ್ದ ನೀರಿನ ಟ್ಯಾಂಕರಿನ ಡ್ರೈವರ್ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡ. ಟ್ಯಾಂಕರು ನಿಧಾನವಾಗಿ, ಬಹಳ ಮರ್ಯಾದೆಯಿಂದ, ಮನೆ ಮುಂದಿನ ಮರಳಿನ ರಾಶಿಯನ್ನೇರಿ ನಿಂತು, ಹಿಂದಿನ ಮುಚ್ಚಳದಿಂದ ಬೀದಿಗೆಲ್ಲ ನೀರು ಬಿಟ್ಟಿತು.

"ಯಾವನ್ಲಾ ಅವ್ನು ಕನ್ನಡಿ ಬಿಟ್ಟೋನು?" ಎಂದು ಇಳಿದು ಬಂದ ಡ್ರೈವರಿಗೆ ಸಂಜೀವಪ್ಪ ಕೈ ತೋರಿಸಿದ್ದು ಚಿನ್ನಪ್ಪನ ಕಡೆಗೆ. "ಅವ್ರೇ ಲೈಟಿಂಗ್ ಇನ್‌ಚಾರ್ಜು."

ಡ್ರೈವರನ್ನು ಸಮಾಧಾನ ಮಾಡಿ, ಟ್ಯಾಂಕರನ್ನು ಹಿಂದಕ್ಕೆ ತಳ್ಳಿ ಮುಗಿಸುವಾಗ ಮೂರು ಗಂಟೆ. ಚಿನ್ನಪ್ಪನ ಪ್ಯಾಂಟು ಮೊಣಕಾಲಿನವರೆಗೆ ಕೆಸರು. ಪ್ರಿಯಾ ಅತ್ತು, ಉಳಿದ ಪೌಡರಿನಲ್ಲಿ ಎರಡು ಕಾಲುವೆ ಬಿದ್ದಿದ್ದವು. ಆನಂದ್ ಗಡಿಯಾರ ನೋಡಿ, "ಸೈಟು ನಾಳೆ ನೋಡ್ಕೊಂತೀನಿ. ಇವತ್ತು ಇದೊಂದು ಮುಗ್ಸಿ," ಎಂದು ಸೋಫಾಕ್ಕೆ ಒರಗಿದ.

ನಾಲ್ಕೂವರೆಗೆ, ಚಿನ್ನಪ್ಪ ಮೊದಲಿಂದ ಕೇಳಿದ್ದ ಬೆಳಕು ಬರುವ ಹೊತ್ತಿಗೆ, ಮೋಡ ಬಂತು. ಐದಕ್ಕೆ ಮೋಡ ಸರಿದಾಗ ಮಗು ನಿದ್ದೆ ಹೋಗಿತ್ತು.

"ಎಬ್ಬಿಸಿ ಅಮ್ಮ, ಕಾಲಿಗೆ ಬೀಳ್ತೀನಿ," ಎಂದ ಚಿನ್ನಪ್ಪ. ಶ್ವೇತಳಿಗೆ ಅವನ ಮುಖ ನೋಡಿ ಕರುಣೆ ಬಂತು. ಮಗಳ ಮುಖ ತೊಳೆದು, ಪೌಡರಿಲ್ಲದೆ ಮತ್ತೆ ಪೋರ್ಟಿಕೋಗೆ ತಂದು ಕೂರಿಸಿದಳು. ಮುನಿವೆಂಕಟಪ್ಪ ಕಟ್ಟು ಸಡಿಲಿದ್ದ ಪಂಚೆಯ ಒಂದು ತುದಿ ಹಿಡಿದರು, ಆಂಜನಮ್ಮ ಇನ್ನೊಂದು. ಇನಾಯತ್ ಉಲ್ಲಾ ಹಿಡಿದು ಹಿಡಿದು ಸೋತ ತೋಳಿನಲ್ಲಿ ಥರ್ಮೋಕೋಲ್ ಎತ್ತಿದರು. ಸಂಜೀವಪ್ಪನವರನ್ನು ಏನನ್ನೂ ಹಿಡಿಯದಂತೆ ಆನಂದ್ ಹಿಡಿದುಕೊಂಡಿದ್ದ.

ಮಗು ನಿದ್ದೆಗಣ್ಣಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿತ್ತು. ಆಗ ಏರ್‌ಪೋರ್ಟಿಗೆ ಇಳಿಯುವ ವಿಮಾನವೊಂದು ತೀರಾ ಕೆಳಗೆ, ಮನೆಗಳ ನೀರಿನ ಟ್ಯಾಂಕುಗಳನ್ನು ಸವರುವಂತೆ ಬಂತು. ಪ್ರಿಯಾ ತಲೆ ಎತ್ತಿದಳು. ಸಂಜೆಯ ಜೇನುಬಣ್ಣದ ಬೆಳಕು ಥರ್ಮೋಕೋಲಿನಿಂದ ಹಾರಿ ಅವಳ ಕೆನ್ನೆಗೆ, ಹಣೆಗೆ ಸಮನಾಗಿ ಹರಡಿತು. ಎರಡು ಕಣ್ಣಿನಲ್ಲೂ ಒಂದೊಂದು ಪುಟ್ಟ ಹೊಳಪು ಕೂತಿತು. ಅವಳು ಬಾಯಿ ತೆರೆದು ನಕ್ಕಳು.

ಕ್ಲಿಕ್.

ಚಿನ್ನಪ್ಪ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಮೂಗಿನ ಕೆಳಗೆ ನೆರಳಿಲ್ಲ, ಕಣ್ಣಿನ ಕೆಳಗೆ ಕಪ್ಪಿಲ್ಲ. ಹಿಂದೆ ಪಂಚೆ ಎಂಬುದೇ ತಿಳಿಯದಂತೆ ಮಂಜುಮಂಜಾದ ಬಿಳುಪು. ಇಪ್ಪತ್ತೆರಡು ವರ್ಷದಲ್ಲಿ ಅವನು ಇಂಥದ್ದೊಂದು ತೆಗೆದಿರಲಿಲ್ಲ. ಅವನ ಕಣ್ಣ ಮುಂದೆ ನಲವತ್ತು ಮನೆಗಳು ಬಾಗಿಲು ತೆರೆದು ನಿಂತವು.

"ಟೀವಿಗೆ ಹಾಕಿ, ಎಲ್ಲಾರೂ ನೋಡೋಣ," ಎಂದ ಆನಂದ್.

ನಡುಮನೆಯಲ್ಲಿ ಎಲ್ಲರೂ ಕೂತರು. ಚಿನ್ನಪ್ಪ ಕ್ಯಾಮೆರಾದ ವೈರನ್ನು ಟೀವಿಗೆ ಸಿಕ್ಕಿಸಿ ಪಕ್ಕಕ್ಕೆ ಸರಿದ. ಗೋಡೆಯಗಲದ ಟೀವಿಯಲ್ಲಿ ಪ್ರಿಯಾ ನಕ್ಕಳು. ಚಿನ್ನಪ್ಪ ಹೊಗಳಿಕೆಗೆ ತಲೆ ತಗ್ಗಿಸಿ ನಿಂತ.

"ಮಗು ಚೆನ್ನಾಗೈತೆ," ಎಂದರು ಮುನಿವೆಂಕಟಪ್ಪ. ಆಮೇಲೆ ಹುಬ್ಬು ಗಂಟಿಕ್ಕಿದರು. "ಇದ್ಯಾವಾಗ ಸ್ಟುಡಿಯೋಗೆ ಕರ್ಕೊಂಡೋಗಿದ್ರಿ?"

"ಯಜಮಾನ್ರೇ! ಈಗ ತಾನೇ ತೆಗ್ದಿದ್ದು! ಪಂಚೆ ನೀವೇ ಹಿಡ್ಕೊಂಡಿದ್ರಿ!"

"ಹಿಡ್ಕೊಂಡಿದ್ದೆ, ಇಲ್ಲ ಅನ್ನಲ್ಲ. ಆದ್ರೆ ನೋಡಿದ್ರೆ ಸ್ಟುಡಿಯೋಲಿ ತೆಗ್ದಂಗೈತೆ."

"ಹೌದು ಭಾಯ್," ಎಂದರು ಇನಾಯತ್ ಉಲ್ಲಾ ತೋಳು ಉಜ್ಜಿಕೊಳ್ಳುತ್ತ, ತುಂಬಾ ಬೇಸರದಿಂದ. "ಒಂದು ಶಾಡೋ ಕೂಡಾ ಇಲ್ಲ."

"ಟೆಕ್ನಿಕಲಿ ಇಂಡೋರ್," ಎಂದರು ಸಂಜೀವಪ್ಪ.

ಆನಂದ್ ಎದ್ದು ಟೀವಿಯ ಹತ್ತಿರ ಹೋಗಿ, ಮಗಳ ತಲೆಯ ಆಚೆ ಈಚೆ ಹುಡುಕಿದ. "ಗುರು, ನಮ್ಮನೆ ಎಲ್ಲಿ? ಕಾರೆಲ್ಲಿ? ಔಟ್‌ಡೋರ್ ಅಂದಿದ್ದು ಯಾಕೆ ಅನ್ಕೊಂಡ್ರಿ? ರಿಂಗ್ ರೋಡಲ್ಲಿ ಹೋಗೋರಿಗೆ ನಾವು ಮೂರು ಫ್ಲೋರ್ ಎತ್ತಿರೋದು ಗೊತ್ತಾಗ್ಬೇಡ್ವಾ?"

ಚಿನ್ನಪ್ಪ ಶ್ವೇತಳ ಕಡೆ ನೋಡಿದ. ಅವಳೊಬ್ಬಳು ಇನ್ನೂ ಟೀವಿಯನ್ನೇ ನೋಡುತ್ತಿದ್ದಳು. ಕಣ್ಣು ಒದ್ದೆಯಾಗಿತ್ತು.

"ಫೋಟೋ ತುಂಬಾ ಚೆನ್ನಾಗಿದೆ," ಎಂದಳು ಮೆಲ್ಲಗೆ. "ಇದನ್ನ ನಮ್ಮ ರೂಮಲ್ಲಿ ಹಾಕ್ಕೊಳ್ತೀನಿ. ಫ್ಲೆಕ್ಸ್‌ಗೆ ಮಾತ್ರ ಔಟ್‌ಡೋರ್ ಥರ ಇರೋದು ತೆಗ್ದುಕೊಡಿ."

"ನಾಳೆ ಬಾಪ್ಪ," ಎಂದು ಆಂಜನಮ್ಮ ಅವನ ಕೈಗೆ ಕಾಫಿ ಲೋಟ ಕೊಟ್ಟು ಸಮಾಧಾನ ಮಾಡಿದರು. "ಬೇಜಾರ್ ಮಾಡ್ಕೋಬ್ಯಾಡ. ಮೊದಲನೇ ಸಲ ಯಾರ್ಗೂ ಸರಿಯಾಗಿ ಬರಲ್ಲ."

ಚಿನ್ನಪ್ಪ ಕಾಫಿ ಕುಡಿದ. ವೈರು ಸುತ್ತಿದ. ಕೆಸರಿನ ಪ್ಯಾಂಟು ಕೊಡವಿಕೊಂಡ.

"ನಾಳೆ ಎಷ್ಟು ಹೊತ್ತಿಗೆ ಬರ್ಲಿ?" ಎಂದ.

"ಮಟಮಟ ಮಧ್ಯಾಹ್ನ," ಎಂದರು ಮುನಿವೆಂಕಟಪ್ಪ. "ಮಗು ಕಣ್ ಮುಚ್ಕೊಂಡ್ರೂ ಪರ್ವಾಗಿಲ್ಲ. ನೆರಳು ಮಾತ್ರ ಚೆನ್ನಾಗಿ ಕಾಣ್ಬೇಕು, ಇಲ್ದಿದ್ರೆ ಜನ ನಂಬಲ್ಲ."