ಸಾಹುಕಾರರ ಮಳೆ, ನನ್ನ ಟಾರ್ಪಾಲು

ಚಂಡಮಾರುತ ಹುಟ್ಟುವುದು ಬಂಗಾಳ ಕೊಲ್ಲಿಯಲ್ಲಿ, ಸಾಯುವುದು ಮಾತ್ರ ಸಂಸೆಯ ಹತ್ತಿರ ನನ್ನ ಕಾಫಿ ಕಣದಲ್ಲಿ. ಇದು ಒಂದು ವರ್ಷದ ಮಾತಲ್ಲ. ಹಣ್ಣು ಕುಯ್ದು, ಕಣದ ತುಂಬ ಹರಡಿ, ಇನ್ನು ನಾಲ್ಕು ಬಿಸಿಲು ಕಂಡರೆ ಸಾಕು ಅನ್ನುವಾಗಲೇ ಟಿ.ವಿ.ಯವರು ಭೂಪಟದ ಮೇಲೆ ಬಿಳಿ ಸುಳಿಯೊಂದನ್ನು ತಿರುಗಿಸಲು ಶುರು ಮಾಡುತ್ತಾರೆ. ನನಗೆ ಮೈ ಉರಿಯುತ್ತದೆ. ಆ ಉರಿಗೆ ಕಾಫಿ ಒಣಗುವ ಹಾಗಿದ್ದರೆ ನನಗೆ ಕಣವೇ ಬೇಕಿರಲಿಲ್ಲ.

ಅಳಿಯ

ಈ ಸಲದ ಚಂಡಮಾರುತ ತೀರಕ್ಕೆ ಬಡಿದ ದಿನ ಟಿ.ವಿ.ಯವನು ನಗುನಗುತ್ತಾ, ಇನ್ನು ಹೆದರಬೇಡಿ, ಅದು ದುರ್ಬಲಗೊಂಡಿದೆ ಅಂದ. ದುರ್ಬಲಗೊಂಡು ಎಲ್ಲಿಗೆ ಹೋಯಿತು ಅಂತ ಹೇಳಲಿಲ್ಲ. ನಾನು ಹೇಳುತ್ತೇನೆ. ಬಲ ಇದ್ದಷ್ಟು ದಿನ ಸಮುದ್ರದಲ್ಲಿ ಮೆರೆದು, ಬಲ ಹೋದಮೇಲೆ ಬೆಟ್ಟ ಹತ್ತಿ ನಮ್ಮ ಮನೆಗೆ ಬಂದು ಕೂರುತ್ತದೆ. ಏಳು ಅಂದರೆ ಏಳುವುದಿಲ್ಲ, ಬಿಸಿಲನ್ನು ಒಳಗೆ ಬಿಡುವುದಿಲ್ಲ.

ನನ್ನ ಜೊತೆ ಹಣ್ಣು ಕುಯ್ಯುವ ಹೆಂಗಸು, ನನ್ನ ಹಳೆಯ ಗೆಳತಿ, ಇದನ್ನು ಕೇಳಿ ಬುಟ್ಟಿ ಕೆಳಗಿಟ್ಟಳು. "ಅಕ್ಕಾ, ನೀನು ಚಂಡಮಾರುತದ ವಿಷಯ ಹೇಳ್ತಿದ್ದೀಯೋ, ನನ್ನ ಅಳಿಯನ ವಿಷಯವೋ?"

ಟಾರ್ಪಾಲು

ಅವಳೂ ನಾನೂ ಒಂದು ಕಾಲದಲ್ಲಿ ಪಕ್ಕದ ಎಸ್ಟೇಟಿನ ಸಾಹುಕಾರರಲ್ಲಿ ಹಣ್ಣು ಕುಯ್ಯುತ್ತಿದ್ದವರು. ಈಗ ಅವರ ಬೇಲಿಗೆ ತಾಗಿಕೊಂಡೇ ನನ್ನ ತೋಟವಿದೆ. ಆಗ 'ಏ, ಇವಳೇ' ಅನ್ನುತ್ತಿದ್ದ ಸಾಹುಕಾರರು ಈಗ 'ನೀವು' ಅನ್ನುತ್ತಾರೆ, ಏನಾದರೂ ಬೇಕಾದಾಗ.

ದೀಪಾವಳಿಗೆ ಮುಂಚೆ ಅವರಿಗೆ ನನ್ನ ದೊಡ್ಡ ಟಾರ್ಪಾಲು ಬೇಕಾಯಿತು, ಹೋಮದ ಅಡುಗೆಗೆ ಚಪ್ಪರ ಹಾಕಲು. ನನ್ನ ಇಡೀ ಕಣ ಮುಚ್ಚುವ ಒಂದೇ ಟಾರ್ಪಾಲು ಅದು. ಕೊಟ್ಟೆ. ಹೋಮ ಮುಗಿಯಿತು, ಹೊಗೆ ಸ್ವರ್ಗ ಸೇರಿತು, ಟಾರ್ಪಾಲು ಅಲ್ಲೇ ಉಳಿಯಿತು. ಕೇಳಲು ಹೋದಾಗಲೆಲ್ಲ ಅವರ ತೋಟದ ಲೆಕ್ಕ ಬರೆಯುವ ರೈಟರು, ಸಾಹುಕಾರರನ್ನು ಒಂದು ಮಾತು ಕೇಳಬೇಕು ಅನ್ನುತ್ತಾನೆ. ಸಾಹುಕಾರರು ರೈಟರನ್ನು ಕೇಳಿ ಅನ್ನುತ್ತಾರೆ.

ಇನ್ನೊಂದು ಕೊಂಡುಬಿಡು ಅಂದಳು ಗೆಳತಿ. ನನ್ನದು ಇರುವಾಗ ನಾನೇಕೆ ಕೊಳ್ಳಲಿ? ವರ್ಷದ ಬೆಳೆಯೆಲ್ಲ ಕಣದಲ್ಲಿದೆ, ನೆನೆದರೆ ಬೂಸಲು ಹಿಡಿಯುತ್ತದೆ, ಬೂಸಲು ಹಿಡಿದ ಕಾಫಿಯನ್ನು ವ್ಯಾಪಾರಿ ಮೂಸಿಯೂ ನೋಡುವುದಿಲ್ಲ. ಎಲ್ಲ ಗೊತ್ತು. ಆದರೂ ಕೊಳ್ಳಲಿಲ್ಲ.

"ಸರಿ ಬಿಡು," ಅಂದಳು. "ಮಳೆ ಬಂದಾಗ ನಿನ್ನ ಹಟವನ್ನೇ ಹೊದಿಸೋಣ. ಅದೂ ಕಣದಷ್ಟೇ ಅಗಲ ಇದೆ."

ರಜೆ

ನಾಳೆ ಭಾರೀ ಮಳೆ, ಯಾರೂ ಹೊರಗೆ ಬರಬೇಡಿ ಅಂತ ಫೋನಿಗೆ ಸಂದೇಶ ಬಂತು. ಶಾಲೆಗಳಿಗೂ ರಜೆ ಕೊಟ್ಟರು. ನಾವಿಬ್ಬರೂ ಸೊಂಟ ಮುರಿಯುವಂತೆ ಕಾಫಿ ಗುಡ್ಡೆ ಮಾಡಿ, ಮನೆಯಲ್ಲಿದ್ದ ಗೋಣಿಚೀಲ, ಹಳೇ ಪ್ಲಾಸ್ಟಿಕ್ಕು ಎಲ್ಲ ಹೊದಿಸಿ ಕೂತೆವು.

ರಜೆಯ ದಿನ ಬಿದ್ದ ಬಿಸಿಲು ಯುಗಾದಿಗೂ ಬಿದ್ದಿರಲಿಲ್ಲ. ಮಕ್ಕಳು ಇಡೀ ದಿನ ರಸ್ತೆಯಲ್ಲಿ ಕ್ರಿಕೆಟ್ ಆಡಿದವು. ಗುಡ್ಡೆಯೊಳಗೆ ಕಾಫಿ ಬೆವತು ಹುಳಿ ವಾಸನೆ ಬರಲು ಶುರುವಾಯಿತು. ಮರುದಿನ ರಜೆ ಮುಗಿಯಿತು. ಕಾಫಿ ಮತ್ತೆ ಹರಡಿದೆವು, ಮಕ್ಕಳು ಸಮವಸ್ತ್ರ ಹಾಕಿಕೊಂಡು ಬಸ್ಸಿಗೆ ನಿಂತವು, ಪಟಪಟ ಹನಿ ಬಿತ್ತು.

ನಾನು ಆಕಾಶ ನೋಡಿ ಬಾಯಿಗೆ ಬಂದದ್ದೆಲ್ಲ ಬೈದೆ. ಗೆಳತಿ ಗೋಣಿಚೀಲ ಎಳೆದುಕೊಂಡು ಓಡುತ್ತಾ ಅಂದಳು, "ಅದನ್ನ ಯಾಕೆ ಬಯ್ತೀಯ ಮಾರಾಯ್ತಿ? ನಿನ್ನೆ ಅದಕ್ಕೂ ರಜೆ ಇತ್ತು."

ಸೊನ್ನೆ

ನಮ್ಮ ಕಡೆ ಪ್ರತಿ ತೋಟದಲ್ಲೂ ಮಳೆ ಅಳೆಯುವ ಡಬ್ಬವೊಂದಿರುತ್ತದೆ. ನೂರು ಸೆಂಟಿಗೆ ಒಂದು ಇಂಚು. ಬೆಳಗಾದರೆ ಸಾಕು, ಬೆಳೆಗಾರರು ಒಬ್ಬರಿಗೊಬ್ಬರು ಫೋನು ಮಾಡಿ 'ನಿಮ್ಮಲ್ಲಿ ಎಷ್ಟು?' ಅನ್ನುತ್ತಾರೆ. ನಮ್ಮ ಸಾಹುಕಾರರಿಗೆ ಯಾವತ್ತೂ ಪಕ್ಕದವರಿಗಿಂತ ಹತ್ತು ಸೆಂಟು ಹೆಚ್ಚೇ ಬಿದ್ದಿರಬೇಕು. ಕಾಫಿ ಗಿಡ ಹೂ ಬಿಡಿಸುವ ಹೂಮಳೆಯಲ್ಲಾದರೆ ಅದಕ್ಕೊಂದು ಅರ್ಥವಿದೆ. ಕಣದಲ್ಲಿ ಕಾಫಿ ಇರುವಾಗ ಸುರಿಯುವ ಹಾಳು ಮಳೆಯಲ್ಲೂ ಅವರು ಗೆಲ್ಲಲೇಬೇಕು.

ಹನಿ ಬಿದ್ದ ಆ ರಾತ್ರಿಯೆಲ್ಲ ಮಳೆ ಜಿನುಗಿತು. ಬೆಳಿಗ್ಗೆ ಪೂರ್ವದ ಕಡೆ ಆಕಾಶ ಕಾವಲಿಯ ತಳದಂತೆ ಕಪ್ಪಾಗಿತ್ತು. ದೊಡ್ಡ ಮಳೆ ಇನ್ನು ಬರುವುದಿತ್ತು, ಅದನ್ನು ನನ್ನ ಗೋಣಿಚೀಲ ತಡೆಯುವಂತಿರಲಿಲ್ಲ. ಸೀರೆ ಎತ್ತಿ ಕಟ್ಟಿ, ಗೆಳತಿಯನ್ನು ಕರೆದುಕೊಂಡು ಸಾಹುಕಾರರ ಮನೆಗೆ ನಡೆದೆ. ನನ್ನ ಟಾರ್ಪಾಲು ಅವರ ಕಣದ ಮೂಲೆಯ ಕಾಫಿ ರಾಶಿಯ ಮೇಲೆ ಕಾಲು ಚಾಚಿ ಮಲಗಿತ್ತು.

ಬಯ್ಯಬೇಕು ಅಂತ ಬಾಯಿ ತೆರೆದೆ. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಸಾಹುಕಾರರು ಮೊದಲೇ ಕೇಳಿದರು, "ರಾತ್ರಿ ನಿಮ್ಮಲ್ಲಿ ಎಷ್ಟು?"

"ಅರವತ್ತು ಸೆಂಟು," ಅಂದೆ.

ಅವರು ಮುಗುಳ್ನಕ್ಕು ರೈಟರನ್ನು ಡಬ್ಬ ನೋಡಲು ಕಳಿಸಿದರು. ಅವನು ಕಣದ ಮೂಲೆಗೆ ಹೋಗಿ, ಬಗ್ಗಿ, ತಡಕಾಡಿ, ಮುಖ ಸಣ್ಣದು ಮಾಡಿಕೊಂಡು ಬಂದ. ಸೊನ್ನೆ ಅಂದ. ಹಿಂದಿನ ಸಂಜೆ ರಾಶಿ ಮುಚ್ಚುವ ಅವಸರದಲ್ಲಿ, ಮೂಲೆಯಲ್ಲಿ ಗಾರೆ ಹಾಕಿ ಕೂರಿಸಿದ್ದ ಡಬ್ಬವನ್ನೂ ಸೇರಿಸಿ ಮುಚ್ಚಿಬಿಟ್ಟಿದ್ದರು.

ಅಷ್ಟರಲ್ಲಿ ಸಾಹುಕಾರರ ಫೋನು ಹೊಡೆದುಕೊಳ್ಳತೊಡಗಿತು. ಕೊಟ್ಟಿಗೆಹಾರದ ನೆಂಟರು, ಮಳೆ ಲೆಕ್ಕ ಕೇಳಲು ಅಂದ ರೈಟರು. ಸಾಹುಕಾರರು ಅದನ್ನು ಹಾವು ನೋಡಿದ ಹಾಗೆ ನೋಡಿದರು, ಎತ್ತಲಿಲ್ಲ.

"ಡಬ್ಬದ ಮೇಲಿರುವುದು ನನ್ನ ಟಾರ್ಪಾಲು," ಅಂದೆ. "ಅದು ಅಲ್ಲೇ ಇದ್ದರೆ ನಾಳೆಯೂ ಸೊನ್ನೆಯೇ."

ಸಾಹುಕಾರರು ಲೋಟ ಕುಕ್ಕಿ ಎದ್ದರು. "ತೆಗೀರಿ ಅದನ್ನ. ಈಗಲೇ ತೆಗೀರಿ."

ರೈಟರು ಮೆಲ್ಲಗೆ, ಕಾಫಿ ನೆನೆಯುತ್ತದೆ ಅಂದ.

"ಕಾಫಿ ಬರೋ ವರ್ಷಾನೂ ಬರುತ್ತೆ. ಇವತ್ತಿನ ಮಳೆ ಮತ್ತೆ ಬರುತ್ತೇನಯ್ಯಾ?"

ಟಾರ್ಪಾಲನ್ನು ಮಡಚಿ ನಮ್ಮಿಬ್ಬರ ತಲೆಯ ಮೇಲಿಡಲು ಸ್ವತಃ ಸಾಹುಕಾರರೇ ಕೈ ಕೊಟ್ಟರು. ನಾವು ಕಣ ಮುಚ್ಚಿ ಕಲ್ಲು ಹೇರುವುದಕ್ಕೂ ಆಕಾಶ ಹರಿದು ಬೀಳುವುದಕ್ಕೂ ಸರಿಹೋಯಿತು.

ಮಾರನೆಯ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಫೋನು. ಸಾಹುಕಾರರ ದನಿಯಲ್ಲಿ ಮೊಮ್ಮಗ ಹುಟ್ಟಿದಷ್ಟು ಸಂತೋಷ.

"ನಮ್ಮಲ್ಲಿ ಎರಡೂವರೆ ಇಂಚು! ನಿಮ್ಮಲ್ಲಿ?"

ನಾನು ಹೊರಗೆ ಹೋಗಿ, ಟಾರ್ಪಾಲಿನ ಅಂಚು ಎತ್ತಿ, ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ನೋಡಿದೆ. ಒಂದು ಹನಿಯೂ ಒಳಗೆ ಇಳಿದಿರಲಿಲ್ಲ.

"ನನ್ನ ಕಣದಲ್ಲಿ ಸೊನ್ನೆ," ಅಂದೆ.

ಸಾಹುಕಾರರು ತುಂಬ ಮರುಕದಿಂದ ಅಂದರು, "ಅಯ್ಯೋ ಪಾಪ. ಬೇಜಾರು ಮಾಡ್ಕೋಬೇಡಿ. ಅಂಡಮಾನಿನ ಹತ್ತಿರ ಇನ್ನೊಂದು ಎದ್ದಿದೆಯಂತೆ."