ಅರ್ಧ ಸೆಕೆಂಡಿನ ಮರ್ಯಾದೆ

ತಪ್ಪು ಮಾಡುವುದಕ್ಕೆ ನನಗೆ ಯಾವತ್ತೂ ಹೆದರಿಕೆಯಾದದ್ದಿಲ್ಲ. ಅದು ನನ್ನಿಂದ ಸಲೀಸಾಗಿ, ಯಾರ ಸಹಾಯವೂ ಇಲ್ಲದೆ ಆಗುತ್ತದೆ. ಹೆದರಿಕೆಯಾಗುವುದು ಅದನ್ನು ಒಪ್ಪಿಕೊಳ್ಳಬೇಕಾದಾಗ. ಮದುವೆಯಾದ ಹೊಸತರಲ್ಲಿ ಹೆಂಡತಿಯ ತವರಿನ ತಾಮ್ರದ ಚೆಂಬನ್ನು ಬಾವಿಗೆ ಬೀಳಿಸಿದವನು ನಾನೇ ಎಂದು ಹೇಳಲು ನನಗೆ ಎರಡು ಮಳೆಗಾಲ ಬೇಕಾಯಿತು. ಅಷ್ಟು ದಿನವೂ ಅವಳಿಗೆ ಸಂಶಯವಿದ್ದದ್ದು ನನ್ನ ಅತ್ತಿಗೆಯ ಮೇಲೆ.

ಮೊನ್ನೆ ಆಫೀಸಿನಲ್ಲಿ ಆದದ್ದೂ ಅದೇ ಜಾತಿಯದ್ದು. ಕಾಪುವಿನಿಂದ ಹೊರಟು, ಉಡುಪಿಯಲ್ಲಿ ಬಸ್ಸು ಬದಲಿಸಿ ನಾನು ದಿನಾ ಮಣಿಪಾಲಕ್ಕೆ ಹೋಗುತ್ತೇನೆ. ಅಲ್ಲಿ ನಮ್ಮ ಸಣ್ಣ ಕಂಪೆನಿ ಗ್ರಂಥಾಲಯಗಳಿಗೆ ಪುಸ್ತಕ ಹುಡುಕಿಕೊಡುವ ಸರ್ಚ್ ಎಂಜಿನ್ ತಯಾರಿಸುತ್ತದೆ. ಕೇಳಿದ್ದಕ್ಕೆ ಉತ್ತರ ಕೊಡುವ ಸರ್ವರನ್ನು ಕಟ್ಟಿದವರು ಕಾರ್ಕಳದ ವಾರಿಜಕ್ಕ. ಅದು ಅವರ ಎರಡು ವರ್ಷದ ದುಡಿಮೆ. ಕೇಳುವ ಕಡೆಯ ಪ್ರೋಗ್ರಾಂ, ಅಂದರೆ ಕ್ಲೈಂಟ್, ನನ್ನದು. ಅದರಿಂದ ಸಾವಿರಾರು ಪ್ರಶ್ನೆ ಕೇಳಿಸಿ, ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಕೆಲಸವೂ ನನಗೇ ಬಿತ್ತು. ಅಳೆದೆ. ಒಂದೊಂದು ಉತ್ತರಕ್ಕೂ ಅರ್ಧ ಸೆಕೆಂಡಿಗಿಂತ ಹೆಚ್ಚು! 'ಸರ್ವರ್ ನಿಧಾನ' ಎಂದು ಗಂಭೀರವಾಗಿ ವರದಿ ಬರೆದು ಕಳಿಸಿದೆ. ಅದನ್ನು ಓದಿದ ನಮ್ಮ ಸಾಹೇಬರು, ವಾರಿಜಕ್ಕನ ಸರ್ವರನ್ನು ತೆಗೆದುಹಾಕಿ ಹೊರಗಿನದೊಂದನ್ನು ತರುವ ಬಗ್ಗೆ ಶುಕ್ರವಾರದ ಮೀಟಿಂಗಿನಲ್ಲಿ ತೀರ್ಮಾನಿಸೋಣ ಎಂದರು.

ಮಂಗಳವಾರ ಬೆಳಿಗ್ಗೆ ನನ್ನದೇ ಪ್ರೋಗ್ರಾಮನ್ನು ಸುಮ್ಮನೆ ಓದುತ್ತಿದ್ದವನಿಗೆ ವಿಷಯ ಹೊಳೆಯಿತು. ನಿಧಾನವಿದ್ದದ್ದು ಸರ್ವರಲ್ಲ, ನಾನು. ಬಂದವರ ಕೈಗೆ ಬೆಲ್ಲ-ನೀರು ಕೊಟ್ಟು, ಅವರು ಕುಡಿದು ಮುಗಿಸುವ ತನಕ ಏನನ್ನೂ ಕೇಳಬಾರದು ಎಂದು ನನ್ನನ್ನು ಬೆಳೆಸಿದವಳು ಅಮ್ಮ. ಒಂದರ ಹಿಂದೆ ಒಂದು ಪ್ರಶ್ನೆ ಎಸೆದರೆ ಪಾಪ ಸರ್ವರ್ ಉಸಿರು ಎಳೆಯುವುದು ಯಾವಾಗ ಎಂದು, ಪ್ರತಿ ಪ್ರಶ್ನೆಗೂ ಮೊದಲು ಅರ್ಧ ಸೆಕೆಂಡು ಸುಮ್ಮನಿರುವಂತೆ ನಾನೇ ಬರೆದಿದ್ದೆ. ಅಷ್ಟಾದರೆ ತೊಂದರೆಯಿರಲಿಲ್ಲ. ಹೊತ್ತು ಎಣಿಸಲು ಶುರುಮಾಡಿದ್ದು ಆ ಅರ್ಧ ಸೆಕೆಂಡಿನ ನಂತರವಲ್ಲ, ಮೊದಲೇ. ಮನೆಯಿಂದ ಹೊರಡುವಾಗಲೇ ಗಡಿಯಾರ ಒತ್ತಿ, ಸ್ಕೂಟರ್ ನಿಲ್ಲಿಸಿ, ಕೈತೊಳೆದು, ಆಮೇಲೆ ದೋಸೆ ತಡವಾಯಿತೆಂದು ಹೋಟೆಲಿನ ಭಟ್ಟರ ಮೇಲೆ ಹರಿಹಾಯ್ದ ಹಾಗಾಯಿತು. ಆ ಅರ್ಧ ಸೆಕೆಂಡಿನ ಸಾಲನ್ನು ತೆಗೆದು ನೋಡಿದರೆ, ವಾರಿಜಕ್ಕನ ಸರ್ವರ್ ನಾನು ಕಣ್ಣು ಮಿಟುಕಿಸುವ ಮೊದಲೇ ಉತ್ತರ ಕೊಟ್ಟಿತು. 'ಸಣ್ಣ ತಿದ್ದುಪಡಿ' ಎಂದು ಒಂದು ಟಿಪ್ಪಣಿ ಹಾಕಿ ತಿದ್ದಿದ ಪ್ರೋಗ್ರಾಮನ್ನು ಆಫೀಸಿನ ಸಾಮಾನ್ಯ ಸಂಗ್ರಹಕ್ಕೆ ಮೆಲ್ಲಗೆ ಸೇರಿಸಿಬಿಟ್ಟೆ.

ಹೇಳಬೇಕಿತ್ತು. ಅದೇ ಮಧ್ಯಾಹ್ನ ವಾರಿಜಕ್ಕ ತಮ್ಮ ಬುತ್ತಿಯಿಂದ ಎರಡು ತುಂಡು ಕೆಸುವಿನೆಲೆಯ ಪತ್ರೊಡೆ ಕೊಟ್ಟರು; ತಿಂದು, ಚೆನ್ನಾಗಿದೆ ಎಂದಷ್ಟೇ ಹೇಳಿ ಬಂದೆ. ಬುಧವಾರ ಧೈರ್ಯ ಮಾಡಿ ಅವರ ಮೇಜಿನ ತನಕ ಹೋಗಿ, ಸ್ಟೇಪ್ಲರ್ ಕೇಳಿ ತಂದೆ. ನನ್ನ ಹತ್ತಿರ ಆಗಲೇ ಒಂದಿತ್ತು. ಬಸ್ಸಿನಲ್ಲಿ 'ಅಕ್ಕ, ಒಂದು ವಿಷಯ' ಎಂದು ಅಭ್ಯಾಸ ಮಾಡುತ್ತಾ ಹೋಗಿ, ಇಳಿಯುವ ನಿಲ್ದಾಣವನ್ನೇ ದಾಟಿದೆ. ಗುರುವಾರ ಹೆಂಡತಿ ಕೇಳಿಯೇಬಿಟ್ಟಳು, "ಎಂತ ಆಯ್ತು ನಿಮಗೆ? ಮೂರು ದಿನದಿಂದ ಸಾರಿಗೆ ಉಪ್ಪು ಕಮ್ಮಿ ಅಂತ ಸಹ ಹೇಳ್ಲಿಲ್ಲ." ಅವಳಿಗೆ ಎಲ್ಲ ಹೇಳಿದೆ. "ಓ, ಚೆಂಬಿನ ಕೇಸಾ?" ಎಂದವಳೇ ಒಳಗೆ ಹೋದಳು.

ಶುಕ್ರವಾರ ಮೀಟಿಂಗಿಗೆ ಇಪ್ಪತ್ತು ನಿಮಿಷ ಇರುವಾಗ ವಾರಿಜಕ್ಕನ ಎದುರು ನಿಂತು, ತಡೆಯದೆ ಎಲ್ಲವನ್ನೂ ಒದರಿದೆ. ಅವರು ಕೈಗಡಿಯಾರ ನೋಡಿ, ಮೇಜಿನ ಮೇಲಿದ್ದ ಚೀಟಿಯಲ್ಲಿ ಏನೋ ಬರೆದು, ಕನ್ನಡಕ ತೆಗೆದು ಒರೆಸಿದರು.

"ನನಗೆ ಮಂಗಳವಾರವೇ ಗೊತ್ತುಂಟು ಮಾರಾಯ್ರೆ. ಪ್ರೋಗ್ರಾಂ ತಿದ್ದಿದ್ರೆ ಎಲ್ಲರಿಗೂ ಮೇಲ್ ಬರ್ತದಲ್ವಾ?"

ಹಾಗೆ ಮೇಲ್ ಹೋಗುವ ವ್ಯವಸ್ಥೆ ಮಾಡಿದವನೂ ನಾನೇ. ಮರೆತೇ ಹೋಗಿತ್ತು.

"ಮತ್ತೆ ನೀವು ಯಾಕೆ ಹೇಳ್ಲಿಲ್ಲ ಅಕ್ಕ?"

ಅವರು ಆ ಚೀಟಿಯನ್ನು ನನ್ನ ಕಡೆ ತಳ್ಳಿದರು. ಅದರಲ್ಲಿ ಎರಡೇ ಸಾಲು. 'ತಿದ್ದಿದ್ದು: ಮಂಗಳವಾರ ಹನ್ನೊಂದು ಇಪ್ಪತ್ತು.' ಕೆಳಗಿನದರ ಶಾಯಿ ಇನ್ನೂ ಆರಿರಲಿಲ್ಲ: 'ಹೇಳಿದ್ದು: ಶುಕ್ರವಾರ ಒಂಬತ್ತು ನಲವತ್ತು.'

"ನೀವು ನನ್ನ ಸರ್ವರನ್ನು ಅಳೆದಿರಿ. ನಾನು ಕ್ಲೈಂಟನ್ನು ಅಳೆದೆ," ಎಂದರು ವಾರಿಜಕ್ಕ. ನಗಲಿಲ್ಲ. "ಎರಡು ವರ್ಷದ ಕೆಲಸ ನನ್ನದು. ನೀವು ಹೇಳ್ತೀರೋ ಇಲ್ವೋ ಅಂತ ಮೂರು ರಾತ್ರಿ ನನಗೂ ನಿದ್ದೆ ಬರ್ಲಿಲ್ಲ. ಮೀಟಿಂಗಲ್ಲಿ ನೀವೇ ಹೇಳ್ಬೇಕು, ಆಯ್ತಾ?"

ನನ್ನ ಹೆದರಿಕೆಯಲ್ಲಿ ಅವರ ನಿದ್ದೆಯ ಯೋಚನೆಯೇ ನನಗೆ ಬಂದಿರಲಿಲ್ಲ.

ಮೀಟಿಂಗ್ ಶುರುವಾಯಿತು. ಸಾಹೇಬರು ನನ್ನ ವರದಿಯನ್ನು ಕೈಗೆತ್ತಿಕೊಂಡು, "ಇದರ ಬಗ್ಗೆ ಯಾರಿಗಾದರೂ..." ಎಂದರು. ವಾರಿಜಕ್ಕ ತಮ್ಮ ಕೈಗಡಿಯಾರ ನೋಡಿದರು. ಸಾಹೇಬರು ಪ್ರಶ್ನೆ ಮುಗಿಸುವ ಮೊದಲೇ ನಾನು ಎದ್ದು ನಿಂತಿದ್ದೆ.